ಡೈಪರ್ ಬಿಟ್ಟು ಬಟ್ಟೆಗೆ: ನಾಲ್ಕು ತಾಲ್ಲೂಕಿನ ಒಂದು ಲೆಕ್ಕ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಗೆಳೆಯರು ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ನಾಮಕರಣಕ್ಕೆ ಹೋಗಿದ್ವಿ. ನಮ್ಮಲ್ಲೊಬ್ಬನ ಅಕ್ಕನ ಕೂಸು, ಮೂರು ತಿಂಗಳು. ನಾವು ನಾಲ್ವರೂ ದಾವಣಗೆರೆ ಜಿಲ್ಲೆಯವರೇ, ಆದರೆ ಒಬ್ಬೊಬ್ಬರದು ಒಂದೊಂದು ತಾಲ್ಲೂಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು.

ಮನೆಯಲ್ಲಿ ಆಗ ಒಂದು ಜಗಳ ನಡೀತಿತ್ತು. ಕೂಸಿಗೆ ತೊಡೆಸಂದಿಯಲ್ಲಿ ಕೆಂಪಗೆ ರ‍್ಯಾಶ್ ಆಗಿತ್ತು. "ಆ ಪ್ಲಾಸ್ಟಿಕ್ ಕಟ್ಟಬೇಡ ಅಂದ್ರೆ ಕೇಳಲ್ಲ, ನಿಮ್ಮನ್ನೆಲ್ಲ ನಾವು ಹಳೇ ಪಂಚೆ ಹರಿದು ಕಟ್ಟಿ ಬೆಳೆಸಿಲ್ವಾ" ಅಂತ ಅಜ್ಜಿ. "ರಾತ್ರಿ ಎರಡು ಗಂಟೆ ಆದ್ರೂ ಮಲಗ್ತೀನಲ್ಲ, ಅದು ಆ ಡೈಪರ್‌ನಿಂದಾನೇ" ಅಂತ ಅಕ್ಕ. ನಾವು ಇಂಜಿನಿಯರಿಂಗ್ ಓದೋರು, ಸುಮ್ಮನಿರಲಿಲ್ಲ. ಅಜ್ಜಿ ಪರ ನಿಂತು ಪ್ಲಾಸ್ಟಿಕ್, ಮಾಲಿನ್ಯ, "ಡೈಪರ್ ಕರಗೋಕೆ 500 ವರ್ಷ ಬೇಕು" ಅಂತೆಲ್ಲ ಭಾಷಣ ಮಾಡಿದ್ವಿ. ಅಕ್ಕ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಸರಿ, ನಾಳೆಯಿಂದ ಬಟ್ಟೆನೇ. ಒಗೆಯೋರು ಯಾರು?"

ನಮ್ಮಲ್ಲಿ ಯಾರೂ, ಹುಡುಗರೂ ಇಲ್ಲ, ಹುಡುಗಿಯರೂ ಇಲ್ಲ, ಅಲ್ಲಿವರೆಗೆ ಕೂಸಿನ ಒಂದು ಬಟ್ಟೆ ಒಗೆದವರಲ್ಲ. ಮಾತಿಗೆ ಕಟ್ಟುಬಿದ್ದು ಮೂರು ದಿನ ಅಲ್ಲೇ ಉಳಿದು ಒಗೆದ್ವಿ. ವಾಪಸ್ ಹಾಸ್ಟೆಲ್‌ಗೆ ಬಂದು ಓದಿ, ಲೆಕ್ಕ ಹಾಕಿ ಬರೆದ ಪಾಠ ಇದು. ಬಟ್ಟೆ ಒಳ್ಳೆಯದಾ, ಡೈಪರ್ ಒಳ್ಳೆಯದಾ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಆ ಊರಿನ ನೀರು, ಬಿಸಿಲು ಮತ್ತು ಮನೆಯ ಕೆಲಸದ ಹಂಚಿಕೆ ನೋಡಿ ಉತ್ತರ ಬದಲಾಗುತ್ತೆ. ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕಿನಲ್ಲೇ ನಾಲ್ಕು ಉತ್ತರ ಬಂತು.

1. ಡೈಪರ್ ಒಳಗೆ ಏನಿದೆ?

ಮೊದಲು ಆ 500 ವರ್ಷದ ಮಾತು ವಾಪಸ್ ತಗೋತೀವಿ. ಎಸೆಯುವ ಡೈಪರ್ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದಿದ್ದೇ ಅಮೆರಿಕದಲ್ಲಿ 1961ರಲ್ಲಿ, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸ್ ತಂದಾಗ. ಇನ್ನೂ 70 ವರ್ಷವೂ ತುಂಬದ ವಸ್ತು 500 ವರ್ಷಕ್ಕೆ ಕರಗೋದನ್ನ ಯಾರೂ ನೋಡಿಲ್ಲ. ಅದರ ಪ್ಲಾಸ್ಟಿಕ್ ಬಹಳ ಕಾಲ ಉಳಿಯುತ್ತೆ ಅನ್ನೋದಷ್ಟೇ ಸರಿಯಾದ ಮಾತು.

ಒಂದು ಹೊಸ ಡೈಪರನ್ನ ಕತ್ತರಿಯಿಂದ ಬಿಚ್ಚಿ ನೋಡಿ. ಚರ್ಮಕ್ಕೆ ತಾಗುವ ಮೇಲಿನ ಪದರ ಪಾಲಿಪ್ರೊಪಿಲೀನ್. ನೇಯ್ದಿದ್ದಲ್ಲ, ಎಳೆಗಳನ್ನ ಬಿಸಿಯಿಂದ ಅಂಟಿಸಿದ್ದು. ಹೊರಗಿನ ಪದರ ನೀರು ಬಿಡದ ಪಾಲಿಎಥಿಲೀನ್ ಹಾಳೆ. ನಡುವೆ ಹತ್ತಿಯಂತೆ ಕಾಣೋದು ಹತ್ತಿ ಅಲ್ಲ, ಮರದ ತಿರುಳು. ಆ ತಿರುಳಿನ ಜೊತೆ ಸಕ್ಕರೆಯ ಹರಳಿನಂಥ ಬಿಳಿ ಪುಡಿ ಇರುತ್ತೆ. ಡೈಪರ್‌ನ ಜೀವ ಇರೋದೇ ಆ ಪುಡಿಯಲ್ಲಿ. ಅದರ ಹೆಸರು ಸೋಡಿಯಂ ಪಾಲಿಅಕ್ರಿಲೇಟ್.

ಇದು ಉದ್ದನೆಯ ಪಾಲಿಮರ್ ಸರಪಳಿ. ಸರಪಳಿಗಳ ನಡುವೆ ಅಲ್ಲಲ್ಲಿ ಕೊಂಡಿ ಹಾಕಿರ್ತಾರೆ. ಸರಪಳಿ ಮೇಲೆ ಋಣ ಚಾರ್ಜ್, ಅದರ ಪಕ್ಕದಲ್ಲಿ ಸೋಡಿಯಂ ಅಯಾನುಗಳು. ನೀರು ಬಿದ್ದಾಗ ಒಳಗೆ ಅಯಾನು ಜಾಸ್ತಿ, ಹೊರಗೆ ಕಡಿಮೆ. ಆಸ್ಮಾಸಿಸ್‌ನಿಂದ ನೀರು ಒಳಗೆ ನುಗ್ಗುತ್ತೆ. ಋಣ ಚಾರ್ಜ್‌ಗಳು ಒಂದನ್ನೊಂದು ದೂಡೋದರಿಂದ ಸರಪಳಿ ಅಗಲವಾಗುತ್ತೆ. ಕೊಂಡಿ ಇರೋದರಿಂದ ಕರಗಿ ಹೋಗಲ್ಲ, ಜೆಲ್ ಆಗಿ ಉಬ್ಬುತ್ತೆ. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತೆ. ಮೂತ್ರದಲ್ಲಿ ಉಪ್ಪಿರೋದರಿಂದ ಒಳಗೂ ಹೊರಗೂ ಅಯಾನು ವ್ಯತ್ಯಾಸ ಕಡಿಮೆಯಾಗಿ, ಹೀರೋದು ಸುಮಾರು 30ರಿಂದ 60 ಪಟ್ಟಿಗೆ ಇಳಿಯುತ್ತೆ. ಅಷ್ಟಾದರೂ ಕೂಸಿನ ಇಡೀ ರಾತ್ರಿಗೆ ಸಾಕು.

ಹಾಸ್ಟೆಲ್‌ನಲ್ಲಿ ಮಾಡಬಹುದಾದ ಪ್ರಯೋಗ: ಆ ಪುಡಿ ಒಂದು ಚಮಚ ಲೋಟಕ್ಕೆ ಹಾಕಿ ನೀರು ಸುರೀರಿ, ನಿಮಿಷದಲ್ಲಿ ಗಟ್ಟಿ ಜೆಲ್. ಈಗ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಸಿ, ಜೆಲ್ ಕುಸಿದು ನೀರು ಬಿಡುತ್ತೆ. ಇನ್ನೊಂದು ಲೋಟದಲ್ಲಿ ಫಿಲ್ಟರ್ ನೀರಿನ ಬದಲು ಗಡಸು ಬೋರ್ ನೀರು ಹಾಕಿದರೆ ಉಬ್ಬುವುದೇ ಕಡಿಮೆ, ಯಾಕಂದ್ರೆ ಎರಡು ಚಾರ್ಜ್ ಇರುವ ಕ್ಯಾಲ್ಸಿಯಂ ಸರಪಳಿಗಳನ್ನ ಒಟ್ಟಿಗೆ ಹಿಡಿದುಬಿಡುತ್ತೆ. ಪುಡಿ ಕಣ್ಣಿಗೆ, ಮೂಗಿಗೆ ಹೋಗದ ಹಾಗೆ ನೋಡ್ಕೊಳ್ಳಿ. ಜೆಲ್ಲನ್ನ ಸಿಂಕ್‌ಗೆ ಸುರೀಬೇಡಿ, ಪೈಪ್ ಕಟ್ಟಿಕೊಳ್ಳುತ್ತೆ.

2. ಬಟ್ಟೆ ಒಳಗೆ ಏನಿದೆ?

ದಾವಣಗೆರೆಯನ್ನ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದದ್ದು ಇಲ್ಲಿನ ಹತ್ತಿ ಗಿರಣಿಗಳಿಂದ. ಹಾಗಾಗಿ ಹತ್ತಿ ಬಟ್ಟೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹತ್ತಿ ಅಂದ್ರೆ ಸೆಲ್ಯುಲೋಸ್. ಅದಕ್ಕೆ ನೀರಂದ್ರೆ ಪ್ರೀತಿ. ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ಕ್ಯಾಪಿಲರಿ ಕ್ರಿಯೆಯಿಂದ ನೀರು ನಿಲ್ಲುತ್ತೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಡೈಪರ್ ಜೆಲ್ಲನ್ನ ಒತ್ತಿದರೂ ನೀರು ಬೇಗ ಬಿಡಲ್ಲ. ಬಟ್ಟೆಯನ್ನ ಹಿಂಡಿದರೆ ಬಿಡುತ್ತೆ. ಅದಕ್ಕೇ ಬಟ್ಟೆ ಕಟ್ಟಿದ ಕೂಸನ್ನ ಎತ್ತಿಕೊಂಡರೆ ನಮ್ಮ ಅಂಗಿ ಒದ್ದೆ. ಆದರೆ ಹಿಂಡಿದರೆ ಬಿಡುತ್ತೆ ಅನ್ನೋ ಗುಣದಿಂದಾನೇ ಬಟ್ಟೆಯನ್ನ ಒಗೆದು ಮತ್ತೆ ಬಳಸೋಕೆ ಆಗೋದು.

ಅಜ್ಜಿ ಹೊಸ ಬಟ್ಟೆ ಬೇಡ, ಹಳೇ ಪಂಚೆ, ಹಳೇ ಕಾಟನ್ ಸೀರೆನೇ ಬೇಕು ಅಂದಿದ್ದಕ್ಕೆ ನಾವು ನಕ್ಕಿದ್ವಿ. ಅದರಲ್ಲಿ ಅರ್ಥ ಇದೆ. ಹೊಸ ಹತ್ತಿಯಲ್ಲಿ ಸಹಜವಾದ ಮೇಣ, ಗಿರಣಿಯ ಗಂಜಿ ಎರಡೂ ಇರುತ್ತೆ, ನೀರು ಮೇಲೇ ಜಾರುತ್ತೆ. ಹತ್ತಾರು ಸಲ ಒಗೆದ ಮೇಲೆ ಅದು ಹೋಗಿ, ಹೀರೋ ಶಕ್ತಿ ಬರುತ್ತೆ, ಮೆತ್ತಗೂ ಆಗುತ್ತೆ. ಅಂಗಡಿಯಿಂದ ತಂದ ಹೊಸ ಬಟ್ಟೆ ಡೈಪರನ್ನೂ ಮೂರ್ನಾಲ್ಕು ಸಲ ಒಗೆದೇ ಬಳಸಿ ಅಂತ ಹೇಳೋದು ಇದೇ ಕಾರಣಕ್ಕೆ.

ಈಗ ಸಿಗುವ ಬಟ್ಟೆ ಡೈಪರ್ ಹಳೇ ಲಂಗೋಟಿಯ ಮುಂದುವರಿದ ರೂಪ. ಹೊರಗೆ ಪಾಲಿಯೂರಿಥೇನ್ ತೆಳು ಪೊರೆ ಅಂಟಿಸಿದ ಪಾಲಿಯೆಸ್ಟರ್ ಕವರ್, ಬಟನ್ ಒತ್ತಿ ಅಳತೆ ಬದಲಿಸಬಹುದು. ಒಳಗೆ ಹತ್ತಿ ಪ್ಯಾಡ್. ಉಚ್ಚೆ ಮಾತ್ರ ಆಗಿದ್ದರೆ ಪ್ಯಾಡ್ ಬದಲಿಸಿ ಕವರ್ ಒರೆಸಿ ಮತ್ತೆ ಹಾಕಬಹುದು. ಅಂದರೆ ಐದಾರು ಕವರ್ ಇದ್ದರೆ, ಒಳಗಿನ ಬಟ್ಟೆಗೆ ಅಜ್ಜಿಯ ಪಂಚೆಯೇ ಸಾಕು. ನಮಗೆ ಇದು ಎಲ್ಲಕ್ಕಿಂತ ಅಗ್ಗದ ಮತ್ತು ಒಳ್ಳೆಯ ಜೋಡಿ ಅನ್ನಿಸ್ತು.

3. ರ‍್ಯಾಶ್ ಯಾಕೆ ಆಗುತ್ತೆ?

ಅಜ್ಜಿ ಪ್ಲಾಸ್ಟಿಕ್ ಕಾರಣ ಅಂದ್ರು. ಅರ್ಧ ಸರಿ. ಮೂತ್ರದಲ್ಲಿ ಯೂರಿಯಾ ಇದೆ. ಮಲದಲ್ಲಿರುವ ಬ್ಯಾಕ್ಟೀರಿಯಾದ ಯೂರಿಯೇಸ್ ಅನ್ನೋ ಎಂಜೈಮ್ ಅದನ್ನ ಅಮೋನಿಯಾ ಮಾಡುತ್ತೆ. ಅಮೋನಿಯಾದಿಂದ ಚರ್ಮದ ಪಿಎಚ್ ಏರುತ್ತೆ. ಪಿಎಚ್ ಏರಿದಾಗ ಮಲದಲ್ಲಿರುವ ಪ್ರೋಟೀನ್, ಕೊಬ್ಬು ಕರಗಿಸುವ ಎಂಜೈಮ್‌ಗಳು ಚುರುಕಾಗಿ ಚರ್ಮವನ್ನೇ ಕೆರೆಯುತ್ತವೆ. ಅದರ ಮೇಲೆ ಒದ್ದೆ ಮತ್ತು ಉಜ್ಜಾಟ. ಹಾಗಾಗಿ ಕಾರಣ ಪ್ಲಾಸ್ಟಿಕ್ ಒಂದೇ ಅಲ್ಲ. ಮಲಮೂತ್ರ ಎಷ್ಟು ಹೊತ್ತು ಚರ್ಮಕ್ಕೆ ತಾಗಿರುತ್ತೆ ಅನ್ನೋದು ಮುಖ್ಯ.

ನಿಜ ಹೇಳ್ಬೇಕಂದ್ರೆ ಜೆಲ್ ಡೈಪರ್ ಚರ್ಮವನ್ನ ಒದ್ದೆ ಬಟ್ಟೆಗಿಂತ ಒಣಗಿಸಿಡುತ್ತೆ. ಆದರೆ ತುಂಬಿದ್ದು ಹೊರಗೆ ಗೊತ್ತಾಗಲ್ಲ. "ಇನ್ನೂ ಜಾಗ ಇದೆ" ಅಂತ ಬಿಟ್ಟುಬಿಡ್ತೀವಿ, ರೇಟೂ ನೆನಪಾಗುತ್ತೆ. ಬಟ್ಟೆಯಲ್ಲಿ ಕೂಸು ತಕ್ಷಣ ಅಳುತ್ತೆ, ತಕ್ಷಣ ಬದಲಿಸ್ತೀವಿ. ಬಟ್ಟೆ ಕಟ್ಟಿ ನಾಲ್ಕು ಗಂಟೆ ಬಿಟ್ಟರೆ ರ‍್ಯಾಶ್ ಡೈಪರ್‌ಗಿಂತ ಜೋರಾಗೇ ಬರುತ್ತೆ. ಅಕ್ಕನ ಮನೆಯಲ್ಲಿ ಮಾಡಿದ್ದು ಇಷ್ಟೇ: ಹಗಲು ಬೇಗ ಬೇಗ ಬದಲಿಸೋದು, ಬರೀ ನೀರಲ್ಲಿ ತೊಳೆದು ಒತ್ತಿ ಒರೆಸೋದು, ದಿನಕ್ಕೆ ಸ್ವಲ್ಪ ಹೊತ್ತು ಏನೂ ಕಟ್ಟದೆ ಗಾಳಿಗೆ ಬಿಡೋದು. ನಾವು ಹೊರಡುವ ಹೊತ್ತಿಗೆ ಕೆಂಪು ಇಳಿದಿತ್ತು. ಗುಳ್ಳೆ, ಕೀವು, ಜ್ವರ ಇದ್ದರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಹೋಗ್ಬೇಕು.

4. ಬ್ರಿಟನ್ ಲೆಕ್ಕ ನಮಗೆ ಯಾಕೆ ಪೂರ್ತಿ ಹೊಂದಲ್ಲ?

ವಸ್ತುವಿನ ತಯಾರಿಯಿಂದ ಕಸದ ತನಕ ಪರಿಸರಕ್ಕೆ ಬೀಳುವ ಹೊರೆಯನ್ನ ಅಳೆಯೋದಕ್ಕೆ ಲೈಫ್ ಸೈಕಲ್ ಅಸೆಸ್‌ಮೆಂಟ್ ಅಂತಾರೆ. ಡೈಪರ್ ಬಗ್ಗೆ ಬ್ರಿಟನ್ ಸರ್ಕಾರದ ಕಡೆಯಿಂದ 2008ರಲ್ಲಿ ಬಂದ ವರದಿ ಪ್ರಸಿದ್ಧ. ಎರಡೂವರೆ ವರ್ಷಕ್ಕೆ ಎಸೆಯುವ ಡೈಪರ್‌ನಿಂದ ಸುಮಾರು 550 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ, ಬಟ್ಟೆಯಿಂದ 570 ಕೆಜಿ. ಅಂದ್ರೆ ಬಟ್ಟೆಯೇ ಸ್ವಲ್ಪ ಜಾಸ್ತಿ! ಇದನ್ನ ನೋಡಿ ನಮಗೂ ಗಾಬರಿ ಆಯ್ತು.

ಆದರೆ ವರದಿ ಪೂರ್ತಿ ಓದಿದರೆ ಬೇರೆ ಕಥೆ. ಬಟ್ಟೆಯ ಹೊರೆ ಬಹುತೇಕ ಒಗೆಯುವ ರೀತಿಯಿಂದ ಬರುತ್ತೆ: ಬಿಸಿನೀರಿನ ಮೆಷಿನ್, ಕರೆಂಟ್ ಡ್ರೈಯರ್. ಹೊರಗೆ ಹಗ್ಗದ ಮೇಲೆ ಒಣಗಿಸಿ, ಮೆಷಿನ್ ತುಂಬಿಸಿ ಒಗೆದು, ಅದೇ ಬಟ್ಟೆ ಎರಡನೇ ಮಗುವಿಗೂ ಬಳಸಿದರೆ ಹೊರೆ ಸುಮಾರು 40 ಶೇಕಡಾ ಇಳಿಯುತ್ತೆ ಅಂತ ಅದೇ ವರದಿ ಹೇಳುತ್ತೆ. 2023ರಲ್ಲಿ ಬ್ರಿಟನ್ನಿನ ಹೊಸ ವರದಿಯಲ್ಲಿ ಬಟ್ಟೆಯ ಹೊರೆ ಎಸೆಯುವ ಡೈಪರ್‌ಗಿಂತ ಸುಮಾರು 25 ಶೇಕಡಾ ಕಡಿಮೆ ಬಂತು.

ಚನ್ನಗಿರಿಯಲ್ಲೋ ಜಗಳೂರಲ್ಲೋ ಡ್ರೈಯರ್ ಇಟ್ಟುಕೊಂಡ ಮನೆ ನಾವು ನೋಡಿಲ್ಲ. ಕೈಯಲ್ಲಿ ಒಗೆದು ಬಿಸಿಲಿಗೆ ಹಾಕ್ತೀವಿ. ಒಬ್ಬರ ಕೂಸಿನ ಬಟ್ಟೆ ಇನ್ನೊಬ್ಬರ ಕೂಸಿಗೆ ಕೊಡೋದು ನಮ್ಮಲ್ಲಿ ಪದ್ಧತಿ. ಆದ್ದರಿಂದ ಕಾರ್ಬನ್ ವಿಷಯದಲ್ಲಿ ಬಟ್ಟೆ ಗೆದ್ದಂತೆಯೇ. ಆದರೆ ಬರದ ಊರಿನ ಒಂದು ಲೀಟರ್ ನೀರಿಗೂ ಹೊಳೆ ದಂಡೆಯ ಒಂದು ಲೀಟರ್‌ಗೂ ಬೆಲೆ ಬೇರೆ, ಒಗೆಯುವ ಕೈಗೂ ದಣಿವಾಗುತ್ತೆ. ಕಾರ್ಬನ್ ಕೆಜಿಯಲ್ಲಿ ಇವೆರಡೂ ಕಾಣಲ್ಲ. ಅವನ್ನ ನಾವೇ ಲೆಕ್ಕ ಹಾಕ್ಬೇಕು.

5. ಎಷ್ಟು ಬಟ್ಟೆ ಬೇಕು? ಲಿಟಲ್ ನಿಯಮ

ಕ್ಯೂಯಿಂಗ್ ಥಿಯರಿಯಲ್ಲಿ ಲಿಟಲ್ ನಿಯಮ ಅಂತ ಬರುತ್ತೆ. ಜಾನ್ ಲಿಟಲ್ ಇದನ್ನ ಸಾಬೀತು ಮಾಡಿದ್ದು 1961ರಲ್ಲಿ, ಪ್ಯಾಂಪರ್ಸ್ ಬಂದ ವರ್ಷವೇ. ನಿಯಮ ಬಹಳ ಸರಳ:

ಒಳಗಿರುವ ಸರಾಸರಿ ಸಂಖ್ಯೆ = ಬರುವ ದರ × ಒಳಗೆ ಕಳೆಯುವ ಸರಾಸರಿ ಸಮಯ

ನಮ್ಮ ವ್ಯವಸ್ಥೆ ಅಂದ್ರೆ ಬಕೆಟ್ ಮತ್ತು ಹಗ್ಗ. ಬಟ್ಟೆ ಒದ್ದೆಯಾದಾಗ ಒಳಗೆ ಬರುತ್ತೆ, ಒಣಗಿ ಮಡಚಿದಾಗ ಹೊರಗೆ ಹೋಗುತ್ತೆ. ದಿನಕ್ಕೆ 8 ಬಟ್ಟೆ ಅಂತ ಹಿಡಿಯೋಣ. ದಿನಾ ಬೆಳಿಗ್ಗೆ ಒಗೆದರೆ, ಒಂದು ಬಟ್ಟೆ ಬಕೆಟ್‌ನಲ್ಲಿ ಸರಾಸರಿ ಅರ್ಧ ದಿನ ಕಾಯುತ್ತೆ. ಆಮೇಲೆ ಒಣಗುವ ಸಮಯ. ಲಿಟಲ್ ನಿಯಮ ಸರಾಸರಿ ಮಾತ್ರ ಹೇಳೋದರಿಂದ, ಕಷ್ಟದ ಹೊತ್ತಿಗೆ ಅರ್ಧ ಬ್ಯಾಚ್ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಜಗಳೂರು, ಬೇಸಿಗೆ: ಬಿಸಿಲು ಖಡಕ್, ಅರ್ಧ ದಿನದಲ್ಲಿ ಒಣಗುತ್ತೆ. ಸಮಯ ಅರ್ಧ + ಅರ್ಧ = 1 ದಿನ. 8 × 1 = 8, ಹೆಚ್ಚುವರಿ 4, ಒಟ್ಟು 12 ಬಟ್ಟೆ.

ಹೊನ್ನಾಳಿ, ಸಾಧಾರಣ ದಿನ: ಒಣಗೋಕೆ 1 ದಿನ ಹಿಡಿಯೋಣ. 8 × 1.5 = 12, ಹೆಚ್ಚುವರಿ 4, ಒಟ್ಟು 16.

ಚನ್ನಗಿರಿ, ಮಳೆಗಾಲ: ಮಲೆನಾಡಿನ ಅಂಚು, ಸುತ್ತ ಅಡಿಕೆ ತೋಟ, ಭದ್ರಾ ಕಾಲುವೆ. ಗಾಳಿಯಲ್ಲೇ ತೇವ. ಒಣಗೋಕೆ 2 ದಿನ. 8 × 2.5 = 20, ಹೆಚ್ಚುವರಿ 4, ಒಟ್ಟು 24.

ನ್ಯಾಮತಿ, ಕೂಲಿಗೆ ಹೋಗುವ ತಾಯಿ: ದಿನಾ ಒಗೆಯೋಕೆ ಆಗಲ್ಲ, ದಿನ ಬಿಟ್ಟು ದಿನ. ಬಕೆಟ್‌ನಲ್ಲಿ ಸರಾಸರಿ 1 ದಿನ, ಒಣಗೋಕೆ 1 ದಿನ. 8 × 2 = 16, ಬ್ಯಾಚ್ 16 ಆದ್ದರಿಂದ ಹೆಚ್ಚುವರಿ 8, ಒಟ್ಟು 24.

ಹನ್ನೆರಡು ಬಟ್ಟೆ ಕೊಂಡು "ಬಟ್ಟೆ ಡೈಪರ್ ನಮಗೆ ಆಗಲ್ಲ" ಅಂತ ವಾರಕ್ಕೇ ಬಿಟ್ಟವರ ಸಮಸ್ಯೆ ಬಟ್ಟೆಯದಲ್ಲ, ಮಳೆಗಾಲದಲ್ಲಿ ಬೇಸಿಗೆಯ ಲೆಕ್ಕ ಹಿಡಿದದ್ದು.

ದರವನ್ನೇ ಇಳಿಸುವ ಒಂದು ಉಪಾಯ ಅಜ್ಜಿಯರಿಗೆ ಗೊತ್ತು. ಕೂಸು ಎದ್ದ ತಕ್ಷಣ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕಾಲ ಮೇಲೆ ಕೂರಿಸಿಕೊಂಡು "ಸ್ಸ್ಸ್" ಅಂತ ಉಚ್ಚೆ ಮಾಡಿಸೋದು. ದಿನಕ್ಕೆ ಎರಡು ಸಲ ಅದು ಕೆಲಸ ಮಾಡಿದರೂ 8 ಹೋಗಿ 6 ಆಯ್ತು. ಚನ್ನಗಿರಿಯ ಮಳೆಗಾಲಕ್ಕೆ 24ರ ಬದಲು 18 ಬಟ್ಟೆ ಸಾಕು.

6. ನೀರು: ಜಗಳೂರಿನ ಪ್ರಶ್ನೆ

ಮೂರು ದಿನ ಒಗೆಯುವಾಗ ನಾವು ಬಕೆಟ್ ಎಣಿಸಿದ್ವಿ. 15 ಲೀಟರ್ ಬಕೆಟ್. ಮೊದಲು ಜಾಲಿಸೋಕೆ ಒಂದು, ಸೋಪಿಗೆ ಒಂದು, ಮತ್ತೆ ಜಾಲಿಸೋಕೆ ಎರಡು. ಒಟ್ಟು ದಿನಕ್ಕೆ 60 ಲೀಟರ್.

ಜಲಜೀವನ್ ಮಿಷನ್ ಹಳ್ಳಿಯಲ್ಲಿ ಒಬ್ಬರಿಗೆ ದಿನಕ್ಕೆ ಕೊಡಬೇಕು ಅಂತ ಇಟ್ಟುಕೊಂಡ ಗುರಿ 55 ಲೀಟರ್. ಅಂದರೆ ಕೂಸಿನ ಬಟ್ಟೆಗೇ ಒಬ್ಬ ಪೂರ್ತಿ ಮನುಷ್ಯನ ಪಾಲಿಗಿಂತ ಜಾಸ್ತಿ ನೀರು ಹೋಯ್ತು. ತುಂಗಾ, ಭದ್ರಾ ಕೂಡಲಿಯಲ್ಲಿ ಸೇರಿ ಹರಿದು ಬರುವ ಹೊನ್ನಾಳಿಯಲ್ಲಿ ಇದು ದೊಡ್ಡ ಮಾತಲ್ಲ. ಸೂಳೆಕೆರೆ ಅಂದ್ರೆ ಶಾಂತಿಸಾಗರ ಇರುವ ಚನ್ನಗಿರಿ ತಾಲ್ಲೂಕಿನಲ್ಲೂ ಅಷ್ಟು ದೊಡ್ಡದಲ್ಲ. ಜಗಳೂರು ಹಾಗಲ್ಲ. ಅದು ಬರದ ತಾಲ್ಲೂಕು. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದಿದ್ದಾರೆ. ಬೋರ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆಯೂ ಹಳೆಯದು. ಅಂಥ ಕಡೆ ನಿಂತು "ಪರಿಸರಕ್ಕೋಸ್ಕರ ಬಟ್ಟೆ ಕಟ್ಟಿ" ಅಂದ ನಮಗೆ ಬಕೆಟ್ ಎಣಿಸಿದ ಮೇಲೆ ನಾಚಿಕೆ ಆಯ್ತು. ಇಲ್ಲಿ ಡೈಪರ್ ಕೊಳ್ಳೋದು ಸೋಮಾರಿತನ ಅಲ್ಲ, ನೀರು ಉಳಿಸೋ ದಾರಿಯೂ ಹೌದು.

ಹಾಗಂತ ಕೈಬಿಡಬೇಕಿಲ್ಲ. ಕೆಮಿಕಲ್ ಇಂಜಿನಿಯರಿಂಗ್‌ನಲ್ಲಿ ಕೌಂಟರ್ ಕರೆಂಟ್ ವಾಷಿಂಗ್ ಅಂತ ಇದೆ: ಅತಿ ಕೊಳೆಯಾದ ವಸ್ತುವಿಗೆ ಅತಿ ಹಳೇ ನೀರು, ಚೊಕ್ಕ ವಸ್ತುವಿಗೆ ಹೊಸ ನೀರು. ಇವತ್ತಿನ ಕೊನೇ ಜಾಲಾಟದ ನೀರು ಹೆಚ್ಚೂಕಡಿಮೆ ಸ್ವಚ್ಛ. ಅದನ್ನ ಮುಚ್ಚಿಟ್ಟು ನಾಳೆಯ ಮೊದಲ ಜಾಲಾಟಕ್ಕೆ ಬಳಸಿದರೆ 15 ಲೀಟರ್ ಉಳಿತಾಯ. ಮೂರನೇ ಬಕೆಟ್ ನೀರನ್ನ ಶೌಚಾಲಯಕ್ಕೆ ಸುರಿದರೆ ಅಲ್ಲಿ ಬಳಸಬೇಕಿದ್ದ ಇನ್ನೊಂದು 15 ಲೀಟರ್ ಉಳೀತು. ನಿವ್ವಳ ಖರ್ಚು 60ರಿಂದ 30ಕ್ಕೆ ಬಂತು. ಮೂರನೇ ದಿನ ನಾವು ಮಾಡಿದ್ದು ಹೀಗೇ. ಅಜ್ಜಿ ನೋಡಿ, "ಇದನ್ನ ಓದೋಕೆ ಕಾಲೇಜಿಗೆ ಹೋಗ್ಬೇಕಿತ್ತಾ" ಅಂದ್ರು. ಅವರು ಬರಗಾಲದಲ್ಲಿ ಹೀಗೇ ಮಾಡ್ತಿದ್ರಂತೆ.

ಗಡಸು ನೀರಿನದು ಇನ್ನೊಂದು ತೊಂದರೆ. ಅಲ್ಲಿನ ಬೋರ್ ನೀರಿನಲ್ಲಿ ಸೋಪು ನೊರೆಯೇ ಬರಲಿಲ್ಲ. ಸೋಪು ಅಂದ್ರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಗಸಿ ಆಗುತ್ತೆ. ಆ ಗಸಿ ಎಳೆಗಳಿಗೆ ಅಂಟಿ ಬಟ್ಟೆ ಬಿರುಸಾಗುತ್ತೆ, ಹೀರೋದು ಕಡಿಮೆಯಾಗುತ್ತೆ. ಪರಿಹಾರ: ಬಾರ್ ಸೋಪಿನ ಬದಲು ಡಿಟರ್ಜೆಂಟ್ ಪುಡಿ, ಅದಕ್ಕೂ ಮೊದಲು ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ. ಸೋಡಾ ಕ್ಯಾಲ್ಸಿಯಂ ಅನ್ನ ಕೆಳಗೆ ಕೂರಿಸುತ್ತೆ. ಬಟ್ಟೆ ಘಮಘಮ ಅನ್ನಲಿ ಅಂತ ಸಾಫ್ಟನರ್ ಹಾಕಬೇಡಿ. ಅದು ಎಳೆ ಮೇಲೆ ಎಣ್ಣೆಯಂಥ ಪದರ ಬಿಡುತ್ತೆ, ನೀರು ಹೀರಲ್ಲ.

7. ದುಡ್ಡು ಮತ್ತು ಕೈ

ಮೊದಲ ವರ್ಷ ದಿನಕ್ಕೆ 6, ಎರಡನೇ ವರ್ಷ ದಿನಕ್ಕೆ 4 ಎಸೆಯುವ ಡೈಪರ್ ಅಂತ ಹಿಡಿದರೆ ಎರಡು ವರ್ಷಕ್ಕೆ 3,650. ಒಂದಕ್ಕೆ 10 ರೂಪಾಯಿ ಅಂದ್ರೆ 36,500 ರೂಪಾಯಿ. ಒದ್ದೆ ಡೈಪರ್ ಒಂದಕ್ಕೆ 200 ಗ್ರಾಂ ಅಂದ್ರೆ 730 ಕೆಜಿ ಕಸ.

ಬಟ್ಟೆ: 24 ಲಂಗೋಟಿ ಹೊಸದೇ ಕೊಂಡರೂ 50 ರೂಪಾಯಿಯಂತೆ 1,200. 6 ಕವರ್, 300ರಂತೆ 1,800. ಸೋಪು, ಸೋಡಾ ತಿಂಗಳಿಗೆ 100ರಂತೆ 2,400. ಒಟ್ಟು 5,400 ರೂಪಾಯಿ. ಉಳಿತಾಯ 31,100! ಇಷ್ಟಕ್ಕೇ ನಿಲ್ಲಿಸಿದ್ದರೆ ಲೇಖನ ಚೆಂದ ಮುಗೀತಿತ್ತು.

ಆದರೆ ನಮಗೆ ನಾಲ್ವರು ಸೇರಿದರೂ ದಿನಕ್ಕೆ ಒಂದೂವರೆ ಗಂಟೆ ಬೇಕಾಯ್ತು. ಅನುಭವ ಇರುವವರಿಗೆ 40 ನಿಮಿಷ ಅಂತ ಇಟ್ಟುಕೊಳ್ಳಿ. ಎರಡು ವರ್ಷಕ್ಕೆ ಸುಮಾರು 487 ಗಂಟೆ, ಅಂದರೆ 8 ಗಂಟೆಯ 61 ದಿನ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 61 × 370 = 22,570. ಇದನ್ನ ಸೇರಿಸಿದರೆ ಬಟ್ಟೆಯ ಖರ್ಚು 27,970. ಉಳಿತಾಯ 8,530ಕ್ಕೆ ಇಳೀತು. ಅಂದರೆ ನಾವು "ಬಟ್ಟೆಯಿಂದ ಉಳೀತು" ಅಂತ ಹೇಳೋ ದುಡ್ಡಿನಲ್ಲಿ ಮುಕ್ಕಾಲು ಭಾಗದಷ್ಟು ಯಾರಿಗೂ ಕೊಡದ ಕೂಲಿ. ಆ ಕೂಲಿ ಸಾಮಾನ್ಯವಾಗಿ ಅಜ್ಜಿಯದು ಅಥವಾ ಹೆರಿಗೆಯಾಗಿ ಮೂರು ತಿಂಗಳೂ ಆಗದ ತಾಯಿಯದು.

ನ್ಯಾಮತಿಯ ನಮ್ಮ ಗೆಳತಿ ಹೇಳಿದ್ದು ಇನ್ನೂ ನೇರ. ಮೊದಲು ಹೊನ್ನಾಳಿಗೇ ಸೇರಿದ್ದ ಆ ತಾಲ್ಲೂಕಿನಲ್ಲಿ ಮೆಕ್ಕೆಜೋಳದ ಹೊಲಗಳು, ಅದಕ್ಕೆ ಕೂಲಿಗೆ ಹೋಗುವ ಹೆಂಗಸರು. ಕೂಸು ಹೊಲದ ಬದುವಿನಲ್ಲಿ ಸೀರೆ ಜೋಳಿಗೆಯಲ್ಲಿ ಮಲಗಿರುತ್ತೆ. ಅಲ್ಲಿ ನಲ್ಲಿ ಎಲ್ಲಿದೆ? ಅಂಥವರಿಗೆ ಒಂದು ಡೈಪರ್ ಅಂದ್ರೆ ಅರ್ಧ ದಿನದ ನಿಶ್ಚಿಂತೆ. ಅವರಿಗೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ. ಮನೆಯಲ್ಲಿರುವ ಹೊತ್ತು ಬಟ್ಟೆ, ಹೊಲಕ್ಕೆ ಹೋದಾಗ ಡೈಪರ್ ಅಂದರೂ ಕಸ ಅರ್ಧ ಆಗುತ್ತೆ.

8. ಬದಲಾಗೋದು ಹೇಗೆ?

ಒಂದೇ ದಿನ ಬದಲಾಗಬೇಡಿ. ಮೊದಲ ವಾರ ಹಗಲಿನಲ್ಲಿ ಎರಡು ಬದಲಾವಣೆ ಮಾತ್ರ ಬಟ್ಟೆಯಲ್ಲಿ. ಹೊಂದಿಕೊಂಡ ಮೇಲೆ ಹಗಲು ಪೂರ್ತಿ. ರಾತ್ರಿ ಒಂದು ಡೈಪರ್ ಇರಲಿ. ದಿನಕ್ಕೆ ಒಂದೇ ಅಂದ್ರೆ ಎರಡು ವರ್ಷಕ್ಕೆ 730 ಡೈಪರ್, 7,300 ರೂಪಾಯಿ, 146 ಕೆಜಿ. ಮೊದಲಿದ್ದ ಕಸದಲ್ಲಿ 80 ಶೇಕಡಾ ಹೋಯ್ತು, ಅಕ್ಕನ ನಿದ್ದೆಯೂ ಉಳೀತು. ನಮ್ಮ ಭಾಷಣದಲ್ಲಿ ಈ ಮಧ್ಯದ ದಾರಿ ಇರಲೇ ಇಲ್ಲ.

ಒಗೆಯುವ ಕ್ರಮ: ಮಲವನ್ನ ಮೊದಲು ಶೌಚಾಲಯಕ್ಕೆ ಉದುರಿಸಿ. ಕೂಸಿನದು ತಾನೇ ಅಂತ ಚರಂಡಿಗೆ ಬಿಡೋದು ತಪ್ಪು, ಅದರಲ್ಲೂ ದೊಡ್ಡವರ ಮಲದಷ್ಟೇ ರೋಗಾಣು ಇರುತ್ತೆ. ನಂತರ ತಣ್ಣೀರಲ್ಲಿ ಜಾಲಿಸಿ, ಡಿಟರ್ಜೆಂಟ್ ಹಾಕಿ ಉಜ್ಜಿ, ನೊರೆ ಹೋಗುವ ತನಕ ಜಾಲಿಸಿ, ಬಿಸಿಲಿಗೆ ಹಾಕಿ. ಕೊನೆಗೆ ಸೋಪಿನಲ್ಲಿ ಕೈ ತೊಳೆಯಿರಿ. ಚನ್ನಗಿರಿ ಕಡೆ ಅಡಿಕೆ ಸಿಪ್ಪೆ, ಸೋಗೆ ಉರಿಸುವ ಬಚ್ಚಲ ಒಲೆ ಇರುತ್ತೆ. ಸ್ನಾನ ಆದ ಮೇಲೆ ಹಂಡೆಯಲ್ಲಿ ಉಳಿದ ಬಿಸಿನೀರು ಈ ಕೆಲಸಕ್ಕೆ ಪುಕ್ಕಟೆ. ಮಳೆಗಾಲದಲ್ಲಿ ಆ ಕೋಣೆಯಲ್ಲೇ ಹಗ್ಗ ಕಟ್ಟಬಹುದು, ಉರಿಯಿಂದ ದೂರಕ್ಕೆ. ಹೊನ್ನಾಳಿಯವರು ಹೊಳೆಯಲ್ಲಿ ಇಳಿದು ಒಗೆಯೋದು ಬೇಡ. ಕೆಳಗೆ ಹರಿಹರದವರು ಅದೇ ನೀರು ಕುಡೀತಾರೆ.

9. ಎಸೆಯೋದಾದರೆ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಬಳಸಿದ ಡೈಪರನ್ನ ಸ್ಯಾನಿಟರಿ ತ್ಯಾಜ್ಯ ಅಂತ ಸೇರಿಸಿದ್ದರು. ಅದನ್ನ ಸುತ್ತಿ ಕೊಡೋದು ಮನೆಯವರ ಜವಾಬ್ದಾರಿ. ಸುತ್ತೋಕೆ ಪೌಚ್ ಅಥವಾ ಹೊದಿಕೆ ಪ್ಯಾಕೆಟ್ ಜೊತೆಗೇ ಕೊಡೋದು, ಇಲ್ಲವೇ ಮರುಬಳಕೆಯಾಗುವ ವಸ್ತುವಿನ ದಾರಿ ಹುಡುಕೋದು ಆ ನಿಯಮಗಳಲ್ಲಿ ತಯಾರಕರ ಜವಾಬ್ದಾರಿ ಆಗಿತ್ತು. ಮಲ ಶೌಚಾಲಯಕ್ಕೆ ಹಾಕಿ, ಡೈಪರನ್ನ ಸುರುಳಿ ಸುತ್ತಿ ಪೇಪರ್‌ನಲ್ಲಿ ಕಟ್ಟಿ ಬೇರೆಯಾಗಿ ಕೊಡಿ. ಕಾಲುವೆಗೆ ಎಸೆದರೆ ಜೆಲ್ ಉಬ್ಬಿ ತೂಬಿಗೆ ಸಿಕ್ಕಿಕೊಳ್ಳುತ್ತೆ. ತಿಪ್ಪೆಗೆ ಎಸೆದರೆ ನಾಯಿ ಎಳೆದಾಡುತ್ತೆ. ಸುಟ್ಟರೆ ಒದ್ದೆ ಪ್ಲಾಸ್ಟಿಕ್ ಹೊಗೆ ಮನೆಗೇ ಬರುತ್ತೆ.

ನಮ್ಮ ಹಳ್ಳಿಗಳಲ್ಲಿ ಈಗ ಪಂಚಾಯ್ತಿಯ ಸ್ವಚ್ಛವಾಹಿನಿ ಗಾಡಿ ಬರುತ್ತೆ. ಬಹಳ ಕಡೆ ಅದನ್ನ ಓಡಿಸೋರು, ಕಸ ಬೇರ್ಪಡಿಸೋರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ನಾವು ಬಿಚ್ಚಿ ಎಸೆದ ಡೈಪರನ್ನ ಅವರು ಕೈಯಲ್ಲಿ ಎತ್ತಬೇಕು. ಒಗೆಯೋದು ಹೇಸಿಗೆ ಅಂತ ಡೈಪರ್ ಹಾಕಿದರೆ ಆ ಹೇಸಿಗೆ ಮಾಯ ಆಗಲ್ಲ, ಇನ್ನೊಬ್ಬ ಹೆಣ್ಣುಮಗಳ ಕೈಗೆ ಹೋಗುತ್ತೆ.

ಕೊನೆಗೆ

ನಾವು ಹೊರಟ ದಿನ ಅಕ್ಕನ ಮನೆಯಲ್ಲಿ ಒಂದು ಒಪ್ಪಂದ ಆಯ್ತು. ಹಗಲು ಬಟ್ಟೆ, ರಾತ್ರಿ ಒಂದು ಡೈಪರ್. ಒಗೆಯೋದು ಬೆಳಿಗ್ಗೆ, ವಾರದಲ್ಲಿ ಮೂರು ದಿನ ಅಜ್ಜಿ, ನಾಲ್ಕು ದಿನ ಮನೆಯ ಗಂಡಸರು: ಎರಡು ದಿನ ಅಪ್ಪ, ವಾರಾಂತ್ಯ ಎರಡು ದಿನ ದಾವಣಗೆರೆಯಿಂದ ಬರುವ ಭಾವ. ಅಕ್ಕನ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಮೊನ್ನೆ ಫೋನ್ ಮಾಡಿದಾಗ ಕೇಳಿದ್ವಿ. ಭಾವ ಎರಡು ವಾರ ತಪ್ಪಿಸಿದ್ದಾರಂತೆ, ಅಪ್ಪ ಮಾತ್ರ ತಪ್ಪಿಸಿಲ್ಲವಂತೆ.

ನಿಮ್ಮ ಮನೆಯಲ್ಲೂ ಅಕ್ಕನದೋ ಅತ್ತಿಗೆಯದೋ ಕೂಸು ಇದ್ದರೆ, ಯಾವುದು ಒಳ್ಳೆಯದು ಅಂತ ಹೇಳೋ ಮೊದಲು ಮೂರು ಅಂಕಿ ಬರೆದುಕೊಳ್ಳಿ: ದಿನಕ್ಕೆ ಎಷ್ಟು ಬಕೆಟ್ ನೀರು, ಒಣಗೋಕೆ ಎಷ್ಟು ಹೊತ್ತು, ಒಗೆಯೋರು ಯಾರು. ಮೂರನೆಯದಕ್ಕೆ ನಿಮ್ಮ ಹೆಸರು ಬರೆಯೋಕೆ ಆದರೆ ಆಮೇಲೆ ಸಲಹೆ ಕೊಡಿ. ನಿಮ್ಮ ತಾಲ್ಲೂಕಿನ ಲೆಕ್ಕ ಬೇರೆ ಬಂದರೆ ಬರೆದು ಕ್ಲಬ್‌ಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.